ಲೆವೆಲ್ ಏರೋದು, ಕಥೆ ಬೆಳೆಯೋದು: ಟೇಬಲ್‌ಟಾಪ್ ಆಟದ ಬಗ್ಗೆ ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಥರದ ಆಟ ಶುರು ಮಾಡಬೇಕು ಅಂದುಕೊಂಡವರಿಗೆ ಇದು. ಇದರಲ್ಲಿ ಒಬ್ಬರು ಗೇಮ್ ಮಾಸ್ಟರ್ (ಜಿಎಂ) ಆಗಿ ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾ, ಡೈಸ್ ಉರುಳಿಸುತ್ತಾ ಆಡುತ್ತಾರೆ; ಪಾತ್ರ ಎಷ್ಟು ಬೆಳೆದಿದೆ ಅನ್ನೋದರ ಅಳತೆಯೇ ಲೆವೆಲ್. ಶುರು ಮಾಡಿ, ಮೂರು ನಾಲ್ಕನೇ ಲೆವೆಲ್ ಹೊತ್ತಿಗೆ ಮುಂದೇನು ಅಂತ ತೋಚದೆ ನಿಂತವರಿಗೂ ಇದೇ. ಇಲ್ಲಿರುವ ಲೆಕ್ಕ ಬಹುತೇಕ ಡಿ ಅಂಡ್ ಡಿಯ 2014ರ ಐದನೇ ಆವೃತ್ತಿಯದು. ನಿಮ್ಮ ಹತ್ತಿರ 2024ರ ಪುಸ್ತಕ ಇದ್ದರೆ ಅಲ್ಲಲ್ಲಿ ಸಂಖ್ಯೆ ಬದಲಾಗಬಹುದು, ಮಾತು ಹೊಂದುತ್ತದೆ.

ಲೆವೆಲ್ ಏರಿದರೆ ಪಾತ್ರಕ್ಕೆ ನಿಜವಾಗಿ ಸಿಗೋದೇನು?

ಮೊದಲು ಸಿಗೋದು ಬದುಕಿ ಉಳಿಯುವ ತಾಕತ್ತು. ಒಂದನೇ ಲೆವೆಲ್‌ನ ವಿಝಾರ್ಡ್‌ಗೆ (ಮಂತ್ರವಾದಿ) ಏಳೋ ಎಂಟೋ ಹಿಟ್ ಪಾಯಿಂಟ್ (ಎಷ್ಟು ಹೊಡೆತ ತಾಳಬಹುದು ಅನ್ನೋ ಲೆಕ್ಕ) ಇರುತ್ತದೆ, ಒಂದು ಗಾಬ್ಲಿನ್ (ಕುಳ್ಳ ರಾಕ್ಷಸ) ಕತ್ತಿ ಬೀಸಿದರೆ ಎಂಟರವರೆಗೆ ಹೊಡೆತ ಬೀಳಬಹುದು. ಅಂದರೆ ಒಂದೇ ಏಟಿಗೆ ನೆಲಕ್ಕೆ. ಅದೇ ಗುಂಪಿನ ಫೈಟರ್ (ಕಾದಾಡುವವನು) ಐದನೇ ಲೆವೆಲ್ ಮುಟ್ಟುವಾಗ 40 ದಾಟಿರುತ್ತಾನೆ, ಅಂಥ ಐದು ಏಟು ತಿಂದರೂ ನಿಂತಿರುತ್ತಾನೆ.

ಇದರ ಜೊತೆಗೆ ಪ್ರೊಫಿಷಿಯನ್ಸಿ ಬೋನಸ್ ಇದೆ, ಪಾತ್ರ ಪಳಗಿದ ಕೆಲಸ ಮಾಡುವಾಗ ಡೈಸ್‌ಗೆ ಸೇರುವ ಅಂಕ. ಶುರುವಿನಲ್ಲಿ +2, 20ನೇ ಲೆವೆಲ್ ಹತ್ತಿರ +6. ಇದು ತುಂಬಾ ನಿಧಾನವಾಗಿ ಏರುತ್ತದೆ. ಆಮೇಲೆ 4, 8, 12, 16, 19ನೇ ಲೆವೆಲ್‌ಗಳಲ್ಲಿ ಶಕ್ತಿ, ಚುರುಕುತನ ಇಂಥ ಮೂಲ ಗುಣಗಳನ್ನು ಏರಿಸಿಕೊಳ್ಳಬಹುದು. ಇವುಗಳ ಮಧ್ಯೆ ಪ್ರತಿ ಕ್ಲಾಸ್‌ಗೂ (ವಿಝಾರ್ಡ್, ಫೈಟರ್ ಥರದ ಪಾತ್ರದ ಬಗೆ) ಅದರದೇ ಹೊಸ ವಿದ್ಯೆಗಳು ಬರುತ್ತಾ ಹೋಗುತ್ತವೆ.

ಇದೆಲ್ಲ ಪಾತ್ರದ ವಿವರ ಬರೆದಿಡುವ ಶೀಟ್ ಮೇಲೆ ಆಗುವ ಬದಲಾವಣೆ. ಆಟದೊಳಗಿನ ಊರಿಗೆ ಇದು ಗೊತ್ತಾಗದಿದ್ದರೆ ನಿಮ್ಮ ಆಟಗಾರರಿಗೆ ಲೆವೆಲ್ ಏರಿದ ಖುಷಿ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಕೆಳಗೆ ಬರೆದಿರುವುದರಲ್ಲಿ ಹೆಚ್ಚಿನದು ಈ ಒಂದು ತೊಂದರೆಯ ಬಗ್ಗೆಯೇ.

ಎಕ್ಸ್‌ಪಿ (ಲೆವೆಲ್ ಏರಿಸುವ ಅನುಭವದ ಅಂಕ) ಬೇಕು ಅಂದ್ರೆ ಕೊಲ್ಲಲೇಬೇಕಾ?

ಬೇಕಿಲ್ಲ. ಮೊದಲಿನಿಂದಲೂ ಬೇಕಿರಲಿಲ್ಲ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದಾಗ ಎಕ್ಸ್‌ಪಿಯ ದೊಡ್ಡ ಪಾಲು ಬರುತ್ತಿದ್ದದ್ದು ನಿಧಿಯಿಂದ. ಗುಹೆಯಿಂದ ಹೊರಗೆ ತಂದ ಒಂದು ಚಿನ್ನದ ನಾಣ್ಯಕ್ಕೆ ಒಂದು ಎಕ್ಸ್‌ಪಿ. ರಾಕ್ಷಸನನ್ನು ಕೊಂದರೆ ಸಿಗುತ್ತಿದ್ದದ್ದು ಅದರ ಮುಂದೆ ಅಲ್ಪ. ಹಾಗಾಗಿ ಜಾಣ ಆಟಗಾರರು ಹೊಡೆದಾಟ ತಪ್ಪಿಸಿ, ಕಾವಲಿನವನಿಗೆ ಲಂಚ ಕೊಟ್ಟು, ಹಿಂದಿನ ಬಾಗಿಲಿಂದ ನುಗ್ಗಿ, ಪೆಟ್ಟಿಗೆ ಹೊತ್ತುಕೊಂಡು ಓಡುತ್ತಿದ್ದರು. ಬರಬರುತ್ತಾ ನಿಧಿಯ ಎಕ್ಸ್‌ಪಿ ಹೋಯಿತು, ಕಾದಾಟದ ಎಕ್ಸ್‌ಪಿ ಮುಂದೆ ಬಂತು, ಜನ ಕಾದಾಡತೊಡಗಿದರು. ನೀವು ಯಾವುದಕ್ಕೆ ಪಾಯಿಂಟ್ ಕೊಡುತ್ತೀರೋ ಟೇಬಲ್‌ನಲ್ಲಿ ಅದೇ ಜಾಸ್ತಿ ನಡೆಯುತ್ತದೆ.

ಒಂದು ಲೆಕ್ಕ ನೋಡಿ. ಎರಡನೇ ಲೆವೆಲ್‌ಗೆ ತಲೆಗೆ 300 ಎಕ್ಸ್‌ಪಿ ಬೇಕು. ನಾಲ್ಕು ಜನ ಅಂದರೆ 1200. ಒಂದು ಗಾಬ್ಲಿನ್‌ಗೆ 50. ಬರೀ ಕೊಂದೇ ಏರಬೇಕು ಅಂದರೆ 24 ಗಾಬ್ಲಿನ್ ಸಾಯಬೇಕು. ಒಂದು ಊರಿನ ಕಥೆ ಹೇಳಲು ಹೊರಟವರಿಗೆ ಇದು ಬೇಕಾ? ಗಾಬ್ಲಿನ್‌ಗಳ ಮುಖಂಡನ ಜೊತೆ ಕೂತು ಮಾತಾಡಿ ಗದ್ದೆ ಕಡೆ ಬರದ ಹಾಗೆ ಒಪ್ಪಂದ ಮಾಡಿಕೊಂಡರೆ, ಗೆದ್ದಷ್ಟೇ ಎಕ್ಸ್‌ಪಿ ಕೊಡಿ. ಇಂಥದ್ದೇ ಇನ್ನೊಂದು ಆಟ ಪಾಥ್‌ಫೈಂಡರ್‌ನ ಎರಡನೇ ಆವೃತ್ತಿಯಲ್ಲಿ ಇದಕ್ಕೆ ಲೆಕ್ಕವೇ ಇದೆ: ಸಣ್ಣ ಸಾಧನೆಗೆ 10, ಮಧ್ಯಮಕ್ಕೆ 30, ದೊಡ್ಡದಕ್ಕೆ 80, ಪ್ರತಿ ಲೆವೆಲ್‌ಗೂ 1000. ಎಲ್ಲಾ ಲೆವೆಲ್‌ಗೂ ಅದೇ 1000 ಆಗಿರುವುದರಿಂದ ಕೂಡಿಸಿ ಕಳೆಯುವ ತಲೆನೋವಿಲ್ಲ.

ಎಕ್ಸ್‌ಪಿ ಲೆಕ್ಕ ಇಡೋದು ಒಳ್ಳೇದಾ, ಮೈಲ್‌ಸ್ಟೋನ್ ಒಳ್ಳೇದಾ?

ಮೈಲ್‌ಸ್ಟೋನ್ ಅಂದರೆ ಕಥೆಯಲ್ಲಿ ಒಂದು ದೊಡ್ಡ ಘಟ್ಟ ಮುಗಿದಾಗ ಗೇಮ್ ಮಾಸ್ಟರ್ ಎಲ್ಲರನ್ನೂ ಒಟ್ಟಿಗೆ ಮೇಲೇರಿಸುವುದು. ಈಗ ಹೆಚ್ಚಿನವರು ಹೀಗೇ ಆಡುತ್ತಾರೆ. ನನಗೂ ಇದೇ ಇಷ್ಟ, ಆದರೆ ಒಂದು ಷರತ್ತಿನ ಮೇಲೆ: ಆ ಘಟ್ಟ ಯಾವುದು ಅಂತ ಆಟಗಾರರಿಗೆ ಮೊದಲೇ ಗೊತ್ತಿರಬೇಕು.

ಹೆಚ್ಚಿನ ಗುಂಪುಗಳಲ್ಲಿ ಮೈಲ್‌ಸ್ಟೋನ್ ಕೆಡುವುದು ಇಲ್ಲೇ. ಜಿಎಂ ತನ್ನ ನೋಟ್‌ಬುಕ್‌ನಲ್ಲಿ ಏನೋ ಬರೆದುಕೊಂಡಿರುತ್ತಾರೆ, ಆಟಗಾರರು ಬೇರೆ ದಾರಿ ಹಿಡಿದು ನಾಲ್ಕು ಸೆಷನ್ (ಒಂದು ಸಲ ಕೂತು ಆಡುವುದು ಒಂದು ಸೆಷನ್) ಚೆನ್ನಾಗಿ ಆಡುತ್ತಾರೆ, ಬರೆದುಕೊಂಡ ಘಟ್ಟ ಬರಲಿಲ್ಲ ಅಂತ ಲೆವೆಲ್ಲೂ ಬರುವುದಿಲ್ಲ. ಆಮೇಲೆ ಒಂದು ದಿನ ಸುಮ್ನೆ ಕರುಣೆಗೆ ಕೊಟ್ಟ ಹಾಗೆ "ಸರಿ, ಎಲ್ಲರೂ ಲೆವೆಲ್ ಅಪ್" ಅನ್ನುತ್ತಾರೆ. ಆಗ ಆಟಗಾರರಿಗೆ ತಾವು ಮಾಡಿದ್ದಕ್ಕೂ ಬಂದಿದ್ದಕ್ಕೂ ಸಂಬಂಧ ಕಾಣುವುದಿಲ್ಲ.

ಬಾಯಿಬಿಟ್ಟು ಹೇಳಿ. "ಘಟ್ಟದ ಸೇತುವೆ ಯಾರ ಕೈಗೆ ಅನ್ನೋದು ತೀರ್ಮಾನ ಆದ ದಿನ ಲೆವೆಲ್ ನಾಲ್ಕು." ಯಾರ ಪರ ತೀರ್ಮಾನ ಆಗುತ್ತದೆ, ಹೊಡೆದಾಟದಲ್ಲೋ ಮಾತುಕತೆಯಲ್ಲೋ, ಅದು ಅವರಿಗೆ ಬಿಟ್ಟದ್ದು. ಸೋತರೂ ಲೆವೆಲ್ ಕೊಡಿ. ಸೇತುವೆ ಕಳೆದುಕೊಂಡ ಗುಂಪು ಗೆದ್ದ ಗುಂಪಿಗಿಂತ ಕಡಿಮೆ ಕಲಿತಿರುವುದಿಲ್ಲ, ಕಥೆ ಮಾತ್ರ ಬೇರೆ ಕಡೆ ತಿರುಗಿರುತ್ತದೆ.

ಎಕ್ಸ್‌ಪಿ ಲೆಕ್ಕ ಹೊಂದುವುದು ಎಂಥ ಆಟಕ್ಕೆ ಅಂದರೆ, ಎಲ್ಲಿಗೆ ಹೋಗಬೇಕು ಅನ್ನುವುದನ್ನು ಆಟಗಾರರೇ ನಿರ್ಧರಿಸುವ, ನಕ್ಷೆ ಹರಡಿಕೊಂಡು ಕಾಡು ಸುತ್ತುವ ಆಟಕ್ಕೆ. ಅಲ್ಲಿ ಮುಖ್ಯ ಕಥೆ ಅಂತ ಒಂದು ಇಲ್ಲ, ಹಾಗಾಗಿ ಘಟ್ಟವೂ ಇಲ್ಲ. ಸಂಖ್ಯೆಯೇ ದಿಕ್ಕು ತೋರಿಸಬೇಕು.

ಎಷ್ಟು ಸೆಷನ್‌ಗೆ ಒಂದು ಲೆವೆಲ್ ಕೊಡಬೇಕು?

ಐದನೇ ಆವೃತ್ತಿಯ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಒಂದು ಅಂದಾಜಿದೆ. ಮೊದಲ ಸೆಷನ್ ಮುಗಿದಾಗ ಎರಡನೇ ಲೆವೆಲ್, ಇನ್ನೊಂದು ಮುಗಿದಾಗ ಮೂರು, ಮತ್ತೆರಡು ಮುಗಿದಾಗ ನಾಲ್ಕು, ಆಮೇಲೆ ಪ್ರತಿ ಲೆವೆಲ್‌ಗೆ ಎರಡು ಮೂರು ಸೆಷನ್. ವಾರ ವಾರ ಸೇರುವವರಿಗೆ ಇದು ಸರಿ.

ಕೊಡಗಿನಲ್ಲಿ ವರ್ಷವಿಡೀ ವಾರ ವಾರ ಸೇರುವುದು ಕಷ್ಟ, ಅದು ನಿಮಗೂ ಗೊತ್ತು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು, ತೋಟ ಇರುವ ಮನೆಯವರು ಯಾರೂ ಕೈಗೆ ಸಿಗುವುದಿಲ್ಲ. ಕುಯ್ಲು ಮುಗಿದರೆ ಕಣದಲ್ಲಿ ಒಣಗಿಸೋದು, ಕರಿಮೆಣಸು, ಹೂ ಮಳೆ ಬಂತಾ ಇಲ್ಲವಾ ಅನ್ನೋ ಚಿಂತೆ, ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್. ಏಪ್ರಿಲ್ ಮೇ ಬಂದರೆ ಕೊಡವ ಕೌಟುಂಬಿಕ ಹಾಕಿ, ಮದುವೆಗಳು. ನೆಮ್ಮದಿಯಾಗಿ ಕೂರುವ ಕಾಲ ಅಂದರೆ ಜೂನ್‌ನಿಂದ ಸೆಪ್ಟೆಂಬರ್. ಹೊರಗೆ ಮಳೆ ಹೊಡೆಯುತ್ತಿರುತ್ತದೆ, ಕರೆಂಟ್ ಹೋಗಿರುತ್ತದೆ, ಎಮರ್ಜೆನ್ಸಿ ಲೈಟ್ ಕೆಳಗೆ ಡೈಸ್ ಉರುಳಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ರಸ್ತೆ ಮೇಲೆ ಮರ ಬಿದ್ದು ಒಬ್ಬರೋ ಇಬ್ಬರೋ ಬಾರದೆ ಹೋಗುವುದೂ ಆಗಲೇ.

ಹಾಗಾಗಿ ನನ್ನ ಸಲಹೆ: ಒಂದು ಮಳೆಗಾಲಕ್ಕೆ ಒಂದು ಕ್ಯಾಂಪೇನ್ (ಹಲವು ಸೆಷನ್ ನಡೆಯುವ ಒಂದೇ ಕಥೆ) ಅಂತ ಇಟ್ಟುಕೊಳ್ಳಿ. ಒಂದರಿಂದ ಐದು ಅಥವಾ ಆರನೇ ಲೆವೆಲ್. ಜೂನ್‌ನಲ್ಲಿ ಬೇಗ ಬೇಗ ಮೂರಕ್ಕೆ ತನ್ನಿ, ಜುಲೈ ಆಗಸ್ಟ್‌ನಲ್ಲಿ ಮೂರು ನಾಲ್ಕನ್ನು ಎಳೆದು ಆಡಿ, ಸೆಪ್ಟೆಂಬರ್‌ನ ಕೈಲ್ ಮುಹೂರ್ತದ (ಕೊಡವರ ಆಯುಧ ಪೂಜೆಯ ಹಬ್ಬ) ಹೊತ್ತಿಗೆ ಐದು. 20ನೇ ಲೆವೆಲ್‌ವರೆಗೆ ಆಡುತ್ತೇವೆ ಅಂತ ಹೊರಟರೆ ಮೊದಲ ಕುಯ್ಲಿಗೇ ನಿಲ್ಲುತ್ತದೆ, ಮತ್ತೆ ಸೇರುವಾಗ ಕಥೆ ಎಲ್ಲಿತ್ತು ಅಂತ ಯಾರಿಗೂ ನೆನಪಿರುವುದಿಲ್ಲ.

ಲೆವೆಲ್ ಏರಿದ್ದು ಕಥೆಯೊಳಗೆ ಹೇಗೆ ಕಾಣಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದುತ್ತೀರಿ ಅಂದರೆ ಇದನ್ನು ಓದಿ.

ಪಾತ್ರ ಬೆಳೆದದ್ದನ್ನು ಅಕ್ಕಪಕ್ಕದವರ ನಡೆಯಲ್ಲಿ ತೋರಿಸಿ. ಮೊದಲಿನ ಡಿ ಅಂಡ್ ಡಿಯಲ್ಲಿ ಇದಕ್ಕೆ ವ್ಯವಸ್ಥೆಯೇ ಇತ್ತು. ಪ್ರತಿ ಲೆವೆಲ್‌ಗೂ ಒಂದು ಬಿರುದು. ಫೈಟರ್ ಆದರೆ ಒಂದನೇ ಲೆವೆಲ್‌ನಲ್ಲಿ ವೆಟರನ್, ನಾಲ್ಕಕ್ಕೆ ಹೀರೋ, ಎಂಟಕ್ಕೆ ಸೂಪರ್‌ಹೀರೋ, ಒಂಬತ್ತಕ್ಕೆ ಲಾರ್ಡ್. ಲಾರ್ಡ್ ಆದವನು ಕೋಟೆ ಕಟ್ಟಿಸಿ, ಸುತ್ತಲಿನ ಜಾಗ ಆಳಿ, ಕಂದಾಯ ವಸೂಲಿ ಮಾಡಬಹುದಿತ್ತು. ಆಮೇಲೆ ಬಂದ ಅಡ್ವಾನ್ಸ್ಡ್ ಆವೃತ್ತಿಯಲ್ಲಿ ಲೆವೆಲ್ ಏರಬೇಕಾದರೆ ಗುರುವಿನ ಹತ್ತಿರ ಹೋಗಿ, ದುಡ್ಡು ಕೊಟ್ಟು, ವಾರಗಟ್ಟಲೆ ಕಲಿಯಬೇಕಿತ್ತು. ಈಗಿನ ಪುಸ್ತಕಗಳಲ್ಲಿ ಇದೆಲ್ಲ ಹಿಂದೆ ಸರಿದಿದೆ. ನೀವೇ ತುಂಬಿಕೊಳ್ಳಬೇಕು.

ನಮ್ಮ ಟೇಬಲ್‌ನ ಒಂದು ಉದಾಹರಣೆ ಹೇಳುತ್ತೇನೆ. ಬೆಟ್ಟದ ಸೀಮೆ, ಮೆಣಸಿನ ತೋಟಗಳ ಊರು. ಒಬ್ಬಳ ಪಾತ್ರ ರೋಗ್ (ಕೈಚಳಕದ ಕಳ್ಳಿ), ಮೊದಲ ಸೆಷನ್‌ನಲ್ಲೇ ಕಣದಿಂದ ಮೆಣಸಿನ ಮೂಟೆ ಕದ್ದು ಸಿಕ್ಕಿಬಿದ್ದಳು. ತೋಟದ ಮೇಸ್ತ್ರಿ ಕೋಲು ಹಿಡಿದು ಅಟ್ಟಿಸಿಕೊಂಡು ಬಂದ. "ಏಯ್, ನಿಲ್ಲೇ! ಕೈಗೆ ಸಿಕ್ಕಿದ್ರೆ ಕಾಲು ಮುರೀತೀನಿ." ಮೂರನೇ ಲೆವೆಲ್‌ನಲ್ಲಿ ಅವಳು ಥೀಫ್ ದಾರಿ ಆರಿಸಿಕೊಂಡಳು, ಗೋಡೆ ಹತ್ತುವುದು ನೆಲದ ಮೇಲೆ ನಡೆದಷ್ಟೇ ಸಲೀಸಾಯಿತು. ಶೀಟ್‌ನಲ್ಲಿ ಒಂದು ಸಾಲು, ಅಷ್ಟೇ. ಆದರೆ ಮುಂದಿನ ಸೆಷನ್ ಶುರುವಾದದ್ದು ಅದೇ ಮೇಸ್ತ್ರಿಯಿಂದ. ರಾತ್ರಿ ಅವಳ ಗುಡಿಸಲ ಬಾಗಿಲಿಗೆ ಬಂದ, ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತ. "ಅಮ್ಮಾ, ಒಂದು ಮಾತಿತ್ತು. ಸಂತೆಗೆ ಹೋಗೋ ಗಾಡಿ ಮೂರು ಸಲ ಲೂಟಿ ಆಯ್ತು. ನೀವು ಜೊತೆಗೆ ಬಂದ್ರೆ ಯಾರೂ ಮುಟ್ಟಲ್ಲ ಅಂತ ಊರಲ್ಲಿ ಹೇಳ್ತಾರೆ."

ಟೇಬಲ್‌ನಲ್ಲಿ ಎಲ್ಲರೂ ಅವಳ ಕಡೆ ನೋಡಿದರು. ಏಕವಚನದಲ್ಲಿ ಬೈದವನು ಬಹುವಚನದಲ್ಲಿ ಕೇಳುತ್ತಿದ್ದಾನೆ. ಇದಕ್ಕೆ ಯಾವ ನಿಯಮವೂ ಬೇಕಾಗಲಿಲ್ಲ. ಕನ್ನಡದಲ್ಲಿ ಆಡುವವರಿಗೆ ಇದು ಪುಕ್ಕಟೆ ಸಿಕ್ಕಿರುವ ಸಾಧನ, ದಯವಿಟ್ಟು ಬಳಸಿ. ಕೆಲವು ಮುದುಕಿಯರು ಮಾತ್ರ ಕೊನೆಯವರೆಗೂ "ಬಾ ಮಗಾ, ಊಟ ಆಯ್ತಾ" ಅಂತಲೇ ಇರಲಿ. ಎಲ್ಲರೂ ಒಮ್ಮೆಗೇ ಬದಲಾದರೆ ಯಾರೂ ಬದಲಾದ ಹಾಗೆ ಕಾಣುವುದಿಲ್ಲ.

ಹೊಸ ವಿದ್ಯೆಯೂ ಹೀಗೇ. ವಿಝಾರ್ಡ್‌ಗೆ ಪ್ರತಿ ಲೆವೆಲ್‌ಗೆ ಎರಡು ಹೊಸ ಸ್ಪೆಲ್ (ಮಂತ್ರ) ಸಿಗುತ್ತದೆ. ಅದು ಬರುವ ಒಂದು ಸೆಷನ್ ಮೊದಲೇ ಆಟಗಾರರನ್ನು ಕೇಳಿ, ಮುಂದೆ ಯಾವುದನ್ನು ತೆಗೆದುಕೊಳ್ಳಬೇಕು ಅಂತಿದ್ದೀರಿ? ಫೈರ್‌ಬಾಲ್ (ಬೆಂಕಿಯುಂಡೆ) ಅಂತ ಹೇಳಿದರೆ, ಈ ಸೆಷನ್‌ನಲ್ಲೇ ಅವರ ಕೈ ಸುಡಲಿ, ಪುಸ್ತಕದ ಅಂಚು ಕರಕಲಾಗಲಿ, ಒಂದು ಸಲ ಕಿಡಿ ಹಾರಿ ಹುಲ್ಲಿನ ಸೂರಿಗೆ ಬೀಳಲಿ. ಆಮೇಲೆ ಲೆವೆಲ್ ಬಂದಾಗ ಆ ಸ್ಪೆಲ್ ಆಕಾಶದಿಂದ ಉದುರಿದ ಹಾಗೆ ಇರುವುದಿಲ್ಲ.

ಐದನೇ ಲೆವೆಲ್ ಆದ ಮೇಲೆ ನನ್ನ ಆಟ ಪೂರ್ತಿ ಬದಲಾಯ್ತು. ಯಾಕೆ?

ಎಲ್ಲರಿಗೂ ಆಗುತ್ತದೆ. ಲೆವೆಲ್‌ಗಳು ನಾಲ್ಕು ಹಂತದಲ್ಲಿವೆ: 1ರಿಂದ 4, 5ರಿಂದ 10, 11ರಿಂದ 16, 17ರಿಂದ 20. ಮೊದಲ ಹಂತದಿಂದ ಎರಡಕ್ಕೆ ಕಾಲಿಡುವಾಗ ಜಿಗಿತ ದೊಡ್ಡದು. ಫೈಟರ್‌ಗೆ ಒಂದು ಸರದಿಯಲ್ಲಿ ಎರಡು ಏಟು. ವಿಝಾರ್ಡ್‌ಗೆ ಫೈರ್‌ಬಾಲ್, ಆರು ಮುಖದ ಎಂಟು ಡೈಸ್, ಸರಾಸರಿ ಹೊಡೆತ 28. ಗಾಬ್ಲಿನ್‌ಗೆ ಇರುವುದು 7 ಹಿಟ್ ಪಾಯಿಂಟ್. ಹೋದ ತಿಂಗಳು ಗುಂಪನ್ನೇ ನಡುಗಿಸಿದ ಹತ್ತು ಗಾಬ್ಲಿನ್‌ಗಳು ಈಗ ಒಂದು ಸರದಿಯಲ್ಲಿ ಬೂದಿ.

ಹೆಚ್ಚಿನ ಜಿಎಂಗಳು ಇದಕ್ಕೆ ದೊಡ್ಡ ರಾಕ್ಷಸರನ್ನು ತರುತ್ತಾರೆ. ಅದೂ ಬೇಕು. ಅದಕ್ಕಿಂತ ಮುಖ್ಯವಾಗಿ, ಸಮಸ್ಯೆಯ ಜಾತಿಯೇ ಬದಲಾಗಲಿ. ಮೊದಲ ಹಂತದಲ್ಲಿ ಪ್ರಶ್ನೆ "ಇದರಿಂದ ಬದುಕಿ ಬರ್ತೀವಾ" ಅನ್ನೋದು. ಎರಡನೇ ಹಂತದಲ್ಲಿ "ಯಾರ ಪರ ನಿಲ್ತೀವಿ" ಅನ್ನೋದಾಗಬೇಕು. ಎರಡು ಊರಿಗೂ ನೀರು ಬೇಕು, ಹೊಳೆ ಒಂದೇ, ಇವರ ಮಾತು ಈಗ ನಡೆಯುತ್ತದೆ. ಫೈರ್‌ಬಾಲ್‌ನಿಂದ ಇದು ಬಗೆಹರಿಯುವುದಿಲ್ಲ.

ಹಳೇ ಗಾಬ್ಲಿನ್‌ಗಳನ್ನು ಆಗೊಮ್ಮೆ ಈಗೊಮ್ಮೆ ವಾಪಸ್ ತನ್ನಿ. ಸುಲಭವಾಗಿ ಗೆಲ್ಲಲಿ. ಎದುರಾಳಿಯೂ ನಿಮ್ಮ ಜೊತೆಗೇ ಏರುತ್ತಾ ಹೋದರೆ ತಾವು ಬೆಳೆದಿದ್ದೇವೆ ಅಂತ ಆಟಗಾರರಿಗೆ ಗೊತ್ತಾಗುವುದಾದರೂ ಹೇಗೆ?

ಒಬ್ಬ ಎರಡು ಸೆಷನ್ ಬರಲಿಲ್ಲ. ಅವನಿಗೂ ಲೆವೆಲ್ ಕೊಡಬೇಕಾ?

ಕೊಡಿ. ಅವನ ತೋಟಕ್ಕೆ ಆನೆ ನುಗ್ಗಿರಬಹುದು, ಅವನ ತಪ್ಪೇನು? ಕಥೆಯಲ್ಲಿ ಅವನ ಪಾತ್ರ ಆ ದಿನಗಳಲ್ಲಿ ಎಲ್ಲಿತ್ತು ಅಂತ ಅವನನ್ನೇ ಎರಡು ಮಾತಿನಲ್ಲಿ ಹೇಳಿಸಿ, ಸಾಕು.

ಹಿಟ್ ಪಾಯಿಂಟ್‌ಗೆ ಡೈಸ್ ಹಾಕಬೇಕಾ, ಸರಾಸರಿ ತಗೋಬೇಕಾ?

ಸರಾಸರಿ. ಏರಿದ ಪ್ರತಿ ಲೆವೆಲ್‌ಗೆ ಫೈಟರ್‌ಗೆ 6, ರೋಗ್‌ಗೆ 5, ವಿಝಾರ್ಡ್‌ಗೆ 4, ಜೊತೆಗೆ ಕಾನ್‌ಸ್ಟಿಟ್ಯೂಷನ್ (ಮೈಗಟ್ಟು) ಬೋನಸ್. ಎಲ್ಲರ ಮುಂದೆ ಡೈಸ್ ಹಾಕುವ ಮಜಾ ಇದೆ ನಿಜ, ಆದರೆ ಫೈಟರ್‌ಗೆ ಎರಡು ಸಲ 1 ಬಿದ್ದರೆ ಅವನು ಕ್ಯಾಂಪೇನ್ ಮುಗಿಯುವವರೆಗೆ ಗುಂಪಿನ ಹಿಂದೆ ಅಡಗಿಕೊಂಡಿರಬೇಕು.

ಪಾತ್ರ ಸತ್ತರೆ ಹೊಸ ಪಾತ್ರ ಒಂದನೇ ಲೆವೆಲ್‌ನಿಂದಲೇ ಶುರುವಾ?

ಐದನೇ ಆವೃತ್ತಿಯಲ್ಲಿ ಬೇಡ, ಗುಂಪಿನ ಲೆವೆಲ್ಲೇ ಕೊಡಿ. ಆರನೇ ಲೆವೆಲ್‌ನವರ ಜೊತೆ ಒಂದನೇ ಲೆವೆಲ್‌ನವನು ಮೊದಲ ಹೊಡೆತಕ್ಕೇ ಸಾಯುತ್ತಾನೆ, ಆಡುವವರಿಗೆ ಬೇಸರ.

ಸಾವಿನ ತೂಕವೂ ಲೆವೆಲ್ ಜೊತೆ ಬದಲಾಗುತ್ತದೆ. ಐದನೇ ಲೆವೆಲ್ ಕ್ಲೆರಿಕ್‌ಗೆ (ದೇವರ ಬಲದಿಂದ ಮಂತ್ರ ಹಾಕುವ ಪಾತ್ರ) ರಿವಿವಿಫೈ ಅನ್ನೋ ಮಂತ್ರ ಸಿಗುತ್ತದೆ, ಸತ್ತು ಒಂದು ನಿಮಿಷದೊಳಗೆ, 300 ಚಿನ್ನದ ನಾಣ್ಯ ಬೆಲೆಯ ವಜ್ರ ಖರ್ಚು ಮಾಡಿ ಎಬ್ಬಿಸಬಹುದು. ಒಂಬತ್ತಕ್ಕೆ ರೇಸ್ ಡೆಡ್, 500ರ ವಜ್ರ. ಅಂದರೆ ನಾಲ್ಕನೇ ಲೆವೆಲ್‌ವರೆಗೆ ಸಾವು ಸಾವೇ, ಆಮೇಲೆ ಅದು ಖರ್ಚಿನ ವಿಷಯ. ವಜ್ರ ಎಲ್ಲಿ ಸಿಗುತ್ತದೆ, ಯಾರ ಹತ್ತಿರ ಇದೆ ಅನ್ನುವುದನ್ನು ನೀವು ಬಿಗಿಯಾಗಿ ಇಟ್ಟುಕೊಂಡರೆ ಅದರಿಂದಲೇ ಎರಡು ಮೂರು ಒಳ್ಳೆಯ ಕಥೆ ಹುಟ್ಟುತ್ತವೆ.

ಲೆವೆಲ್ಲೇ ಇಲ್ಲದ ಆಟ ಇದೆಯಾ?

ಬೇಕಾದಷ್ಟು. 1981ರ ಭಯಾನಕ ಕಥೆಗಳ ಆಟ ಕಾಲ್ ಆಫ್ ಕ್ಥುಲುವಿನಲ್ಲಿ ಪ್ರತಿ ಕೌಶಲಕ್ಕೂ ಶೇಕಡಾ ಲೆಕ್ಕ. ಆಟದಲ್ಲಿ ಒಂದು ಕೌಶಲ ಕೈಹಿಡಿದರೆ ಅದರ ಪಕ್ಕ ಗುರುತು ಹಾಕುತ್ತೀರಿ, ಆಮೇಲೆ ಶೇಕಡಾ ಡೈಸ್ ಉರುಳಿಸಿದಾಗ ಈಗಿರುವುದಕ್ಕಿಂತ ಜಾಸ್ತಿ ಬಿದ್ದರೆ ಮಾತ್ರ ಅದು ಏರುತ್ತದೆ. ಬಲ್ಲವರಿಗೆ ಕಲಿಯುವುದು ಕಷ್ಟ, ಗೊತ್ತಿಲ್ಲದವರಿಗೆ ಸುಲಭ. ನನಗೆ ಇದು ತುಂಬಾ ಹಿಡಿಸುತ್ತದೆ. ಕೌಶಲ ಏರುತ್ತಿದ್ದ ಹಾಗೇ ಮನಸ್ಸಿನ ಸ್ವಾಸ್ಥ್ಯ ಇಳಿಯುತ್ತಾ ಹೋಗುತ್ತದೆ, ಕಥೆ ಇರುವುದು ಆ ಎಳೆದಾಟದಲ್ಲಿ. 1977ರ ಟ್ರಾವೆಲರ್‌ನಲ್ಲಿ ಪಾತ್ರದ ಅರ್ಧ ಬದುಕು ಆಟಕ್ಕೆ ಮೊದಲೇ ಡೈಸ್ ಮೇಲೆ ಮುಗಿದಿರುತ್ತದೆ, ಪಾತ್ರ ತಯಾರಾಗುವಾಗಲೇ ಸಾಯಲೂಬಹುದು.

ಡಂಜನ್ ವರ್ಲ್ಡ್‌ನಲ್ಲಿ ಲೆವೆಲ್ ಇದೆ, ಆದರೆ ಡೈಸ್‌ನಲ್ಲಿ 6 ಅಥವಾ ಕಡಿಮೆ ಬಿದ್ದು ಸೋತಾಗ ಎಕ್ಸ್‌ಪಿ ಸಿಗುತ್ತದೆ. ಬ್ಲೇಡ್ಸ್ ಇನ್ ದ ಡಾರ್ಕ್‌ನಲ್ಲಿ ಹತಾಶ ಸ್ಥಿತಿಯಲ್ಲಿ ಕೈಹಾಕಿದ್ದಕ್ಕೇ ಎಕ್ಸ್‌ಪಿ, ಗೆದ್ದರೂ ಸೋತರೂ. ಸೋಲಿಗೆ ಹೆದರಿ ಸುಮ್ಮನೆ ಕೂರುವ ಆಟಗಾರರು ನಿಮ್ಮ ಗುಂಪಿನಲ್ಲಿದ್ದರೆ ಇವೆರಡರಲ್ಲಿ ಒಂದನ್ನು ಒಮ್ಮೆ ಆಡಿಸಿ ನೋಡಿ.

ಕೊಡಗಿನ ಕಥೆ, ಜಾಗಗಳನ್ನು ಆಟಕ್ಕೆ ತರಬಹುದಾ?

ತರಬೇಕು. ಕಕ್ಕಬ್ಬೆ ಹತ್ತಿರ ತಡಿಯಂಡಮೋಳ್ ಬುಡದಲ್ಲಿರುವ ನಾಲ್ಕುನಾಡು ಅರಮನೆ ನೋಡಿದ್ದೀರಾ? ದೊಡ್ಡವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ್ದು. 1834ರಲ್ಲಿ ಬ್ರಿಟಿಷರು ಬಂದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಆಶ್ರಯ ಪಡೆದದ್ದು ಅಲ್ಲೇ. ಕಾಡಿನ ನಡುವೆ ಅಡಗಿಕೊಂಡ ಅರಮನೆ, ಒಳಗೆ ಸೋಲುತ್ತಿರುವ ರಾಜ, ಹೊರಗೆ ಸೈನ್ಯ. ಹೆಸರು ಬದಲಿಸಿ ನಿಮ್ಮ ಲೋಕದಲ್ಲಿ ಇಟ್ಟರೆ ನಾಲ್ಕನೇ ಲೆವೆಲ್‌ನ ಇಡೀ ಕಥೆ ಸಿಕ್ಕಿತು.

ಕೈಲ್ ಮುಹೂರ್ತವಂತೂ ಲೆವೆಲ್ ಏರಿಸುವುದಕ್ಕೇ ಇದ್ದ ಹಾಗಿದೆ. ನಾಟಿ ಮುಗಿದಿದೆ, ಕೋವಿ ಕತ್ತಿ ಒರೆಸಿ, ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ, ಆಮೇಲೆ ಆಯುಧ ಕೈಗೆ. ಆಟದಲ್ಲಿ ಇಂಥ ಒಂದು ಹಬ್ಬ ಇಡಿ, ಆ ದಿನ ಪ್ರತಿ ಆಟಗಾರರೂ ತಮ್ಮ ಆಯುಧ ಒರೆಸುತ್ತಾ ಕಳೆದ ವರ್ಷ ಏನು ಮಾಡಿದೆ ಅಂತ ಹೇಳಲಿ, ಹೊಸ ವಿದ್ಯೆ ಆ ಮಾತಿನಿಂದ ಬರಲಿ.

ಆದರೆ ಎರಡು ವಿಷಯದಲ್ಲಿ ನಾನು ಗಟ್ಟಿ. ಐನ್‌ಮನೆಯ (ಕುಲದ ಮೂಲಮನೆ) ಕೈಮಡದಲ್ಲಿ (ಹಿರಿಯರ ಗುಡಿ) ಜನ ಇವತ್ತೂ ಕಾರಣರಿಗೆ, ಅಂದರೆ ಗತಿಸಿದ ಹಿರಿಯರಿಗೆ, ಎಡೆ ಇಡುತ್ತಾರೆ, ದೇವರಕಾಡುಗಳಲ್ಲಿ ಇವತ್ತೂ ಮರ ಕಡಿಯುವುದಿಲ್ಲ. ಇವುಗಳ ನಿಜವಾದ ಹೆಸರು ಹಿಡಿದು ಹಿಟ್ ಪಾಯಿಂಟ್ ಬರೆಯಬೇಡಿ. ಕಾಡು ಕಾಯುವ ಒಂದು ಶಕ್ತಿ ಬೇಕಾದರೆ ನೀವೇ ಸೃಷ್ಟಿಸಿ. ಎರಡನೆಯದು, ಯರವ, ಜೇನುಕುರುಬ ಜನರ ಉಡುಗೆ ಮಾತು ಎರವಲು ತಂದು ಕಾಡಿನ ರಾಕ್ಷಸರಿಗೆ ತೊಡಿಸುವುದು ಬೇಡವೇ ಬೇಡ. ಟೇಬಲ್‌ನಲ್ಲಿ ಆ ಮನೆಯ ಹುಡುಗ ಕೂತಿರಬಹುದು. ಕೂತಿಲ್ಲದಿದ್ದರೂ ತಪ್ಪು ತಪ್ಪೇ.

ಮೊದಲ ಸಲ ಜಿಎಂ ಆಗ್ತಿದ್ದೀನಿ. ಎಲ್ಲಿಂದ ಶುರು ಮಾಡಲಿ, ಎಷ್ಟು ಖರ್ಚು?

ಖರ್ಚು ಕಡಿಮೆ. ಐದನೇ ಆವೃತ್ತಿಯ ಮೂಲ ನಿಯಮಗಳು 2023ರಿಂದ ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ ಉಚಿತವಾಗಿ ಸಿಗುತ್ತವೆ, ಎಸ್‌ಆರ್‌ಡಿ 5.1 ಅಂತ ಹುಡುಕಿ. ಏಳು ಡೈಸ್‌ನ ಒಂದು ಸೆಟ್ ಇಡೀ ಗುಂಪಿಗೆ ಆಗುತ್ತದೆ. ಶೀಟ್ ಪ್ರಿಂಟ್ ಹಾಕಿಸಿ ಪ್ಲಾಸ್ಟಿಕ್ ಫೈಲ್‌ನಲ್ಲಿಡಿ, ಇಲ್ಲದಿದ್ದರೆ ಜುಲೈ ಹೊತ್ತಿಗೆ ಬೂಷ್ಟು ಹಿಡಿಯುತ್ತದೆ. ಪೆನ್ಸಿಲ್‌ನಲ್ಲಿ ಬರೆಯಿರಿ, ಲೆವೆಲ್ ಏರಿದಾಗಲೆಲ್ಲ ಅಳಿಸುವುದಿದೆ.

ಹೊಸಬರಿದ್ದರೆ ಒಂದನೇ ಲೆವೆಲ್‌ನಿಂದಲೇ ಶುರು ಮಾಡಿ, ನೆನಪಿಡಬೇಕಾದ್ದು ಕಡಿಮೆ ಇರುತ್ತದೆ. ಎಲ್ಲರೂ ಆಡಿ ಪಳಗಿದವರಾದರೆ ಮೂರರಿಂದ. ಮಾತು ಯಾವ ಭಾಷೆಯಲ್ಲಾದರೂ ನಡೆಯಲಿ, ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳ ಎಲ್ಲವೂ ಒಂದೇ ಟೇಬಲ್‌ನಲ್ಲಿ ಬಂದು ಹೋಗುತ್ತವೆ.

ಮೊದಲ ದಿನ ಡೈಸ್ ಮುಟ್ಟುವ ಮೊದಲು ಪ್ರತಿಯೊಬ್ಬರನ್ನೂ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ನೀವು ಬರೆದಿಟ್ಟುಕೊಳ್ಳಿ: ಊರಲ್ಲಿ ನಿನ್ನನ್ನು ಕಂಡರೆ ಆಗದವರು ಯಾರು? ಯಾರ ಋಣ ನಿನ್ನ ಮೇಲಿದೆ? ಏನು ಕಲಿಯಬೇಕು ಅಂತ ಆಸೆ ಇದ್ದೂ ಇನ್ನೂ ಕಲಿತಿಲ್ಲ? ಮೊದಲ ನಾಲ್ಕು ಲೆವೆಲ್‌ಗೆ ಬೇಕಾದ ಸಾಮಗ್ರಿ ಈ ಉತ್ತರಗಳಲ್ಲೇ ಇರುತ್ತದೆ. ಪ್ರತಿ ಸಲ ಲೆವೆಲ್ ಏರುವ ಮುಂಚೆ ಆ ಹಾಳೆ ತೆಗೆದು, ಮೂರು ಉತ್ತರಗಳಲ್ಲಿ ಯಾವುದು ಈ ಸಲ ಬಾಗಿಲು ತಟ್ಟಬೇಕು ಅಂತ ನೋಡಿ.